ಮಕ್ಕಳು ಏರ್ ಪಿಸ್ತೂಲು ಕೇಳಿದಾಗ



ಮಗ ಸೈಕಲ್ ಕೇಳಿದರೆ ನಾವು ಬೆಲೆ ವಿಚಾರಿಸುತ್ತೇವೆ. ಕ್ರಿಕೆಟ್ ಬ್ಯಾಟು ಕೇಳಿದರೆ ಪರೀಕ್ಷೆ ಮುಗಿಯಲಿ ಎನ್ನುತ್ತೇವೆ. ಆದರೆ ಹದಿನಾಲ್ಕು ವರ್ಷದ ಮಗಳೋ ಮಗನೋ ಬಂದು, "ಅಪ್ಪಾ, ನನಗೊಂದು ಏರ್ ಪಿಸ್ತೂಲು ಬೇಕು, ಗುರಿ ಹೊಡೆಯುವುದನ್ನು ಕಲಿಯಬೇಕು" ಎಂದರೆ? ಆಗ ಬೆಲೆಯ ಪ್ರಶ್ನೆಗಿಂತ ಮೊದಲು ಬೇರೊಂದು ಪ್ರಶ್ನೆ ಎದೆಗೆ ತಟ್ಟುತ್ತದೆ. ಸಂಜೆ ಶಿಲುಬೆಯ ಮುಂದೆ ಕುಳಿತು ಜಪಸರ ಹೇಳುವ ಮನೆಗೆ ಪಿಸ್ತೂಲನ್ನು ತರಬಹುದೇ?

ಈ ಪ್ರಶ್ನೆ ದೂರದ್ದಲ್ಲ. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಮನು ಭಾಕರ್ 10 ಮೀಟರ್ ಏರ್ ಪಿಸ್ತೂಲಿನಲ್ಲಿ ಕಂಚಿನ ಪದಕ ಗೆದ್ದರು. ಸರಬ್‌ಜೋತ್ ಸಿಂಗ್ ಅವರೊಡನೆ ಮಿಶ್ರ ತಂಡದಲ್ಲಿ ಇನ್ನೊಂದು ಕಂಚನ್ನು ಪಡೆದರು. ಟಿ.ವಿ.ಯ ಮುಂದೆ ಕುಳಿತು ಅದನ್ನು ನೋಡಿದ ಮಕ್ಕಳಿಗೆ ಆಸೆ ಹುಟ್ಟಿದರೆ ಅದು ಸಹಜವೇ.

ಇದಕ್ಕೆ ಸುಲಭವಾದ ಎರಡು ಉತ್ತರಗಳಿವೆ. "ಅದು ಕೊಲ್ಲುವ ವಸ್ತು, ಬೇಡವೇ ಬೇಡ" ಎಂಬುದು ಒಂದು. "ಆಟ ತಾನೇ, ಕೊಡಿಸಿದರಾಯಿತು" ಎಂಬುದು ಇನ್ನೊಂದು. ಎರಡೂ ಉತ್ತರಗಳು ಮಗುವಿನ ಮುಖವನ್ನು ನೋಡದೆ ಕೊಟ್ಟವು. ಸ್ವಲ್ಪ ತಾಳ್ಮೆಯಿಂದ ಯೋಚಿಸೋಣ.

ಸಂತ ಯೊವಾನ್ನರ ಬಿಲ್ಲು

ಆಟದಲ್ಲಿ ಸಂತೋಷಪಡುವುದು ತಪ್ಪೇ ಎಂಬ ಪ್ರಶ್ನೆಯನ್ನು 13ನೆಯ ಶತಮಾನದಲ್ಲಿ ಸಂತ ಥಾಮಸ್ ಅಕ್ವಿನಾಸರು ಎತ್ತಿಕೊಂಡಿದ್ದರು. ಅದಕ್ಕೆ ಉತ್ತರವಾಗಿ ಅವರು ಹಿಂದಿನ ಸನ್ಯಾಸಿಗಳಿಂದ ಬಂದ ಒಂದು ಕಥೆಯನ್ನು ನೆನೆಯುತ್ತಾರೆ. ಶುಭಸಂದೇಶಕರ್ತ ಸಂತ ಯೊವಾನ್ನರು ಒಮ್ಮೆ ತಮ್ಮ ಶಿಷ್ಯರೊಡನೆ ಆಡುತ್ತಿದ್ದರಂತೆ. ಅದನ್ನು ಕಂಡ ಕೆಲವರಿಗೆ, ಇಂಥ ಹಿರಿಯರು ಹೀಗೆ ಆಡುವುದೇ ಎಂದು ಬೇಸರವಾಯಿತು. ಅವರಲ್ಲೊಬ್ಬನ ಕೈಯಲ್ಲಿ ಬಿಲ್ಲಿತ್ತು. ಬಾಣ ಬಿಡು ಎಂದರು ಯೊವಾನ್ನರು. ಬಿಟ್ಟ. ಮತ್ತೆ ಮತ್ತೆ ಬಿಡಿಸಿದರು. ಹೀಗೆಯೇ ಬಿಡದೆ ಹೊಡೆಯುತ್ತಲೇ ಇರಬಲ್ಲೆಯಾ ಎಂದು ಕೇಳಿದರು. ಹಾಗೆ ಮಾಡಿದರೆ ಬಿಲ್ಲು ಮುರಿದೀತು ಎಂದ ಆತ. ಮನಸ್ಸೂ ಹಾಗೆಯೇ, ಎಂದೂ ಸಡಿಲಗೊಳ್ಳದಿದ್ದರೆ ಮುರಿಯುತ್ತದೆ ಎಂದರು ಸಂತರು.

ಹಿತಮಿತವಾದ ವಿನೋದ ಒಂದು ಸದ್ಗುಣ ಎಂಬುದು ಅಕ್ವಿನಾಸರ ತೀರ್ಮಾನ. ಆದರೆ ಅವರು ಮೂರು ಎಚ್ಚರಿಕೆಗಳನ್ನೂ ಕೊಟ್ಟರು. ಸಂತೋಷವನ್ನು ಅಸಭ್ಯವಾದುದರಲ್ಲಿ ಅಥವಾ ಕೇಡು ಮಾಡುವುದರಲ್ಲಿ ಹುಡುಕಬಾರದು. ಆಟದಲ್ಲಿ ಮನಸ್ಸಿನ ಸ್ತಿಮಿತ ಕಳೆದುಕೊಳ್ಳಬಾರದು. ಆಟವು ವ್ಯಕ್ತಿಗೆ, ಕಾಲಕ್ಕೆ, ಸ್ಥಳಕ್ಕೆ ತಕ್ಕುದಾಗಿರಬೇಕು. ಅಂಗಡಿಯ ಗಾಜಿನ ಪೆಟ್ಟಿಗೆಯ ಮುಂದೆ ನಿಂತಾಗ ನಮಗೆ ದಾರಿ ತೋರಲು ಈ ಮೂರು ಮಾತುಗಳು ಸಾಕು.

ಎರಡು ಪಿಸ್ತೂಲು, ಎರಡು ಸಂತೋಷ

ಗುರಿ ಹೊಡೆಯುವ ಸಂತೋಷ ನಮಗೆ ಹೊಸದಲ್ಲ. ಕೊಡಗಿನಲ್ಲಿ ಕೈಲ್ ಮುಹೂರ್ತ ಹಬ್ಬಕ್ಕೆ ಎತ್ತರದ ಮರಕ್ಕೆ ಕಟ್ಟಿದ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆ ನಡೆಯುತ್ತದೆ. ಜಾತ್ರೆಯಲ್ಲಿ, ಚರ್ಚ್ ಹಬ್ಬದ ಸಂತೆಯಲ್ಲಿ ಬಲೂನಿಗೆ ಏರ್ ಗನ್ ಹೊಡೆಯದ ಹುಡುಗರು ಕಡಿಮೆ. ಬಲೂನು ಒಡೆದಾಗ ನಕ್ಕವರಲ್ಲಿ ನೀವೂ ಇರಬಹುದು. ಆ ನಗುವಿನಲ್ಲಿ ಪಾಪವೇನಿಲ್ಲ.

ಆದರೆ ಕೊಳ್ಳಲು ಹೊರಟಾಗ ಎರಡು ಬಗೆಯ ಏರ್ ಪಿಸ್ತೂಲುಗಳು ಎದುರಾಗುತ್ತವೆ. ಮೊದಲನೆಯದು ನೋಡಲು ಥೇಟ್ ಪೊಲೀಸರ ಪಿಸ್ತೂಲಿನಂತೆ. ಹಿಡಿಯೊಳಗೆ 12 ಗ್ರಾಂ ಇಂಗಾಲದ ಡೈ ಆಕ್ಸೈಡಿನ ಪುಟ್ಟ ಸಿಲಿಂಡರ್ ಕೂರುತ್ತದೆ. ಒಂದರ ಹಿಂದೊಂದು ಪಟಪಟನೆ ಉಕ್ಕಿನ ಸಣ್ಣ ಗುಂಡುಗಳು ಹಾರುತ್ತವೆ, ಡಬ್ಬಗಳು ಉರುಳುತ್ತವೆ. ಎರಡನೆಯದು ನೋಡಲು ಅಷ್ಟೇನೂ ಚೆಂದವಿಲ್ಲ. ಅಂಗೈಯ ಅಚ್ಚಿಗೆ ಕೆತ್ತಿದ ಮರದ ಹಿಡಿ, ಉದ್ದನೆಯ ನಳಿಗೆ. ಪಿಸ್ತೂಲಿಗಿಂತ ಬಡಗಿಯ ಸಲಕರಣೆಯಂತೆಯೇ ಕಾಣುತ್ತದೆ. ಒಂದು ಸಲಕ್ಕೆ ಒಂದೇ ಸೀಸದ ಪೆಲೆಟ್ಟು. ಹೊಡೆಯುವುದು ಕಾಗದಕ್ಕೆ.

ಮೊದಲನೆಯದನ್ನು ಕೈಯಲ್ಲಿ ಹಿಡಿದವರೆಲ್ಲ ಪಾಪಿಗಳೆಂದು ನಾನು ಹೇಳುತ್ತಿಲ್ಲ. ಆದರೆ ಅದು ಕೊಡುವ ಸಂತೋಷ ಯಾವುದು ಎಂದು ಕೇಳೋಣ. ಸಿನಿಮಾ ನಾಯಕನಂತೆ ನಿಲ್ಲುವ ಸಂತೋಷ, ಎದುರಿನವರು ಹೆದರುತ್ತಾರೆಂಬ ಸಂತೋಷ. ಇದು ಬೇಗ ಹಳಸುತ್ತದೆ. ಡಬ್ಬಗಳು ಬೇಸರವಾದ ಮೇಲೆ ಕಣ್ಣು ಕಾಗೆಯತ್ತ, ಅಳಿಲಿನತ್ತ, ಬೀದಿನಾಯಿಯತ್ತ ಹೊರಳುವ ಅಪಾಯವಿದೆ. ಬೆಕ್ಕಿಗೆ ಆಟ, ಇಲಿಗೆ ಪ್ರಾಣಸಂಕಟ ಎಂಬ ಮಾತನ್ನು ನಮ್ಮ ಹಿರಿಯರು ಸುಮ್ಮನೆ ಆಡಲಿಲ್ಲ. ಅಲ್ಲದೆ ಉಕ್ಕಿನ ಗುಂಡು ಗಟ್ಟಿಯಾದುದಕ್ಕೆ ಬಡಿದರೆ ಹಿಂದಕ್ಕೆ ಚಿಮ್ಮಿ ಕಣ್ಣಿಗೆ ತಗಲಬಹುದು. ದಾರಿಯಲ್ಲಿ ಕಂಡವರು ಅದನ್ನು ನಿಜವಾದ ಪಿಸ್ತೂಲೆಂದೇ ತಿಳಿಯಬಹುದು.

ಎರಡನೆಯದರ ಸಂತೋಷ ಬೇರೆ. ಹತ್ತು ಮೀಟರ್ ದೂರದಲ್ಲಿರುವ ಗುರಿಯ ನಡುವಿನ ಹತ್ತು ಅಂಕದ ವೃತ್ತ ಎಷ್ಟು ದೊಡ್ಡದು ಗೊತ್ತೇ? ಅಡ್ಡಳತೆ 11.5 ಮಿಲಿಮೀಟರ್, ಅಂದರೆ ಅಂಗಿಯ ಗುಂಡಿಯಷ್ಟು. ಒಂದೇ ಕೈಯಲ್ಲಿ ಪಿಸ್ತೂಲು ಹಿಡಿದು ಒಂದೂಕಾಲು ಗಂಟೆಯಲ್ಲಿ 60 ಬಾರಿ ಹೊಡೆಯಬೇಕು. ಯಾರ ಕೈಯೂ ಕಲ್ಲಿನಂತೆ ನಿಲ್ಲುವುದಿಲ್ಲ, ಒಲಿಂಪಿಕ್ ವಿಜೇತರದೂ ಸಹ. ಕೈ ತೂಗಾಡುತ್ತಿದ್ದರೂ ಮನಸ್ಸು ಗಾಬರಿಯಾಗದೆ ಟ್ರಿಗರನ್ನು ಮೆಲ್ಲಗೆ ಒತ್ತುವುದೇ ಅಲ್ಲಿನ ವಿದ್ಯೆ. ಕಣ್ಣು ಸಹ ದೂರದ ಗುರಿಯ ಮೇಲೆ ನೆಡಬಾರದು. ನಳಿಗೆಯ ತುದಿಯಲ್ಲಿರುವ ಫ್ರಂಟ್ ಸೈಟ್ ಸ್ಪಷ್ಟವಾಗಿ ಕಾಣಬೇಕು, ಗುರಿ ಮಸುಕಾಗಿದ್ದರೆ ಇರಲಿ. ಪದಕವನ್ನೇ ನೋಡುವವನಿಗೆ ಗುರಿ ತಪ್ಪುತ್ತದೆ. ತನ್ನ ಕೈಯಳತೆಯ ಕರ್ತವ್ಯವನ್ನು ನೋಡುವವನಿಗೆ ಗುರಿ ಸಿಗುತ್ತದೆ.

ಕ್ರೀಡಾಪಟು ಬಾಡಿಹೋಗುವ ಹೂಮಾಲೆಗಾಗಿ ಎಷ್ಟೆಲ್ಲ ಸಂಯಮ ಪಾಲಿಸುತ್ತಾನೆ ಎಂದು ಸಂತ ಪೌಲರು ಕೊರಿಂಥದವರಿಗೆ ಬರೆದ ಮೊದಲ ಪತ್ರದ ಒಂಬತ್ತನೆಯ ಅಧ್ಯಾಯದಲ್ಲಿ ನೆನಪಿಸುತ್ತಾರೆ. ಹೊಸ ಒಡಂಬಡಿಕೆಯ ಗ್ರೀಕ್ ಮೂಲದಲ್ಲಿ ಪಾಪಕ್ಕೆ ಬಳಸಿರುವ 'ಹಮರ್ತಿಯ' ಎಂಬ ಪದದ ಹಿಂದೆಯೂ 'ಗುರಿ ತಪ್ಪುವುದು' ಎಂಬ ಅರ್ಥವಿದೆ. ಒಂದು ಹೊಡೆತ ತಪ್ಪಿದಾಗ ಒಳ್ಳೆಯ ಶೂಟರ್ ಸಿಟ್ಟಾಗುವುದಿಲ್ಲ. ಕೈ ಇಳಿಸಿ, ಉಸಿರು ತಿರುಗಿಸಿಕೊಂಡು, ಮತ್ತೆ ಕೈ ಎತ್ತುತ್ತಾನೆ. ಪಾಪನಿವೇದನೆ ಮಾಡಿ ಎದ್ದು ಬರುವ ಕ್ರೈಸ್ತನಿಗೆ ಇದನ್ನು ವಿವರಿಸಬೇಕಾಗಿಲ್ಲ.

ಕೈಗೆ ತಕ್ಕ ಪಿಸ್ತೂಲು

ಆದ್ದರಿಂದ 'ಒಳ್ಳೆಯ ಪಿಸ್ತೂಲು ಯಾವುದು?' ಎಂದು ಕೇಳುವ ಬದಲು 'ಈ ಮಗುವಿನ ಕೈಗೆ ಯಾವುದು ದೀರ್ಘಕಾಲ ಸಂತೋಷ ಕೊಡುತ್ತದೆ?' ಎಂದು ಕೇಳಿ. ಸ್ಪರ್ಧೆಯ ನಿಯಮದಂತೆ ಪಿಸ್ತೂಲು ಒಂದೂವರೆ ಕಿಲೋ ಮೀರಬಾರದು. ಒಂದು ಕಿಲೋದ ಪಿಸ್ತೂಲನ್ನೇ ಚಾಚಿದ ಕೈಯಲ್ಲಿ ಹತ್ತು ಬಾರಿ ಎತ್ತಿ ಇಳಿಸಿದರೆ ಭುಜ ನೋಯುತ್ತದೆ. ಚಿಕ್ಕ ಕೈಗೆ ದೊಡ್ಡ ಹಿಡಿ ಕೊಟ್ಟರೆ ಬೆರಳು ಟ್ರಿಗರಿಗೆ ಎಟುಕುವುದಿಲ್ಲ. ಎಡಗೈಯವರಿಗೆ ಎಡಗೈ ಹಿಡಿಯೇ ಬೇಕು. ಟ್ರಿಗರ್ ಕನಿಷ್ಠ 500 ಗ್ರಾಂ ಭಾರ ತಡೆಯಬೇಕೆಂಬ ನಿಯಮವಿದೆ. ಆದರೆ ಅಗ್ಗದ ಪಿಸ್ತೂಲುಗಳ ಟ್ರಿಗರ್ ಅದಕ್ಕಿಂತ ಎಷ್ಟೋ ಗಡುಸಾಗಿದ್ದು, ಒತ್ತುವಾಗಲೇ ಕೈ ಅಲುಗುತ್ತದೆ. ಮಗು ತನ್ನದೇ ತಪ್ಪೆಂದುಕೊಂಡು ಉತ್ಸಾಹ ಕಳೆದುಕೊಳ್ಳುತ್ತದೆ.

ಸ್ಪ್ರಿಂಗ್ ಪಿಸ್ತೂಲು ಅಗ್ಗ, ಗಟ್ಟಿ. ಆದರೆ ಸ್ಪ್ರಿಂಗ್ ಬಿಟ್ಟಾಗ ಕೈಯಲ್ಲಿ ಕುಲುಕುತ್ತದೆ. ಒಮ್ಮೆ ಸನ್ನೆಕೋಲನ್ನು ಎಳೆದು ಗಾಳಿ ಒತ್ತುವ ಬಗೆಯ ಪಿಸ್ತೂಲಿನಲ್ಲಿ ಆ ಕುಲುಕಾಟ ಇಲ್ಲವೆನ್ನುವಷ್ಟು ಕಡಿಮೆ. ಪ್ರತಿ ಹೊಡೆತಕ್ಕೂ ಎಳೆಯುವ ಶ್ರಮವಿದೆ, ಆದರೆ ಆ ಶ್ರಮವೇ ಅವಸರವನ್ನು ತಡೆಯುತ್ತದೆ. ಕಲಿಯುವವರಿಗೆ ಇದು ಒಳ್ಳೆಯ ಆರಂಭ. ಸ್ಪರ್ಧೆಗಳಲ್ಲಿ ಬಳಸುವುದು ಸಿಲಿಂಡರಿನಲ್ಲಿ ಮೊದಲೇ ಗಾಳಿ ತುಂಬಿದ ಪಿಸ್ತೂಲು. ಆಸ್ಟ್ರಿಯದ ಸ್ಟೈಯರ್, ಸ್ವಿಟ್ಜರ್ಲೆಂಡಿನ ಮೊರಿನಿ, ಜರ್ಮನಿಯ ವಾಲ್ಟರ್, ಇಟಲಿಯ ಪಾರ್ದೀನಿ ಇವುಗಳಲ್ಲಿ ಹೆಸರಾದವು. ಬೆಲೆ ಲಕ್ಷ ರೂಪಾಯಿ ದಾಟುತ್ತದೆ.

ಇಲ್ಲಿ ಮನೆಯ ನ್ಯಾಯದ ಪ್ರಶ್ನೆ ಬರುತ್ತದೆ. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕು. ಒಬ್ಬ ಮಗನ ಪದಕದ ಕನಸಿಗಾಗಿ ಇನ್ನೊಬ್ಬ ಮಗಳ ಕಾಲೇಜು ಶುಲ್ಕ ಸಾಲವಾಗಬಾರದು. ಕ್ರೀಡೆಯ ಯಶಸ್ಸನ್ನೇ ದೇವರಾಗಿಸಿಕೊಂಡು ಎಲ್ಲವನ್ನೂ ಅದಕ್ಕೆ ಬಲಿ ಕೊಡುವುದರ ವಿರುದ್ಧ ಕಥೋಲಿಕ ಧರ್ಮೋಪದೇಶ ಗ್ರಂಥ 2289ನೆಯ ಕ್ರಮಾಂಕದಲ್ಲಿ ಎಚ್ಚರಿಸುತ್ತದೆ. ಆದ್ದರಿಂದ ಮೊದಲ ಆರು ತಿಂಗಳು ಕೊಳ್ಳಲೇಬೇಡಿ. ಹತ್ತಿರದ ಶೂಟಿಂಗ್ ರೇಂಜಿನಲ್ಲಿ ಅಭ್ಯಾಸಕ್ಕೆ ಪಿಸ್ತೂಲು ಕೊಡುತ್ತಾರೆಯೇ ವಿಚಾರಿಸಿ. ಆಸೆ ಉಳಿದರೆ ನಂತರ ಕೊಳ್ಳಬಹುದು. ದುಬಾರಿ ಪಿಸ್ತೂಲು ಗೆಲುವಿನ ಭರವಸೆಯೂ ಅಲ್ಲ. 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಇದೇ ಮನು ಭಾಕರ್ ಅವರ ಪಿಸ್ತೂಲು ಅರ್ಹತಾ ಸುತ್ತಿನ ನಡುವೆ ಕೈಕೊಟ್ಟಿತು, ಅಂತಿಮ ಸುತ್ತು ತಪ್ಪಿತು. ಅವರನ್ನು ಮೂರು ವರ್ಷಗಳ ನಂತರ ಪ್ಯಾರಿಸ್ಸಿಗೆ ಕರೆದೊಯ್ದದ್ದು ಬಿಡದ ಅಭ್ಯಾಸ. ನಮ್ಮ ಬೆಂಗಳೂರಿನ ಪ್ರಕಾಶ್ ನಂಜಪ್ಪ 2013ರಲ್ಲಿ ಕೊರಿಯದ ವಿಶ್ವಕಪ್‌ನಲ್ಲಿ 10 ಮೀಟರ್ ಏರ್ ಪಿಸ್ತೂಲಿನ ಕಂಚು ಗೆದ್ದರು. ಅದೇ ವರ್ಷ ಮುಖದ ನರಕ್ಕೆ ಪಾರ್ಶ್ವವಾಯು ಬಡಿಯಿತು. ಆದರೂ 2014ರ ಗ್ಲಾಸ್ಗೊ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ 50 ಮೀಟರ್ ಪಿಸ್ತೂಲಿನಲ್ಲಿ ಬೆಳ್ಳಿ ಪಡೆದರು. ಇದನ್ನು ಯಾವ ಅಂಗಡಿಯೂ ಮಾರುವುದಿಲ್ಲ.

ಮನೆಯ ಕಟ್ಟಳೆಗಳು

ನಮ್ಮ ದೇಶದ 2016ರ ಶಸ್ತ್ರಾಸ್ತ್ರ ನಿಯಮಗಳಂತೆ 4.5 ಮಿಲಿಮೀಟರ್ ನಳಿಗೆಯ, 20 ಜೂಲ್ ಶಕ್ತಿ ಮೀರದ ಏರ್ ಪಿಸ್ತೂಲಿಗೆ ಲೈಸೆನ್ಸ್ ಬೇಕಿಲ್ಲ. ಲೈಸೆನ್ಸ್ ಬೇಡ ಎಂದಮಾತ್ರಕ್ಕೆ ಜವಾಬ್ದಾರಿ ಬೇಡವೆಂದಲ್ಲ. ದೇವರ ಐದನೆಯ ಕಟ್ಟಳೆಗೆ ಜೂಲ್‌ಗಳ ಲೆಕ್ಕವಿಲ್ಲ. ಈ ಪುಟ್ಟ ಪೆಲೆಟ್ಟು ಒಂದು ಕಣ್ಣನ್ನು ಶಾಶ್ವತವಾಗಿ ಕುರುಡಾಗಿಸಬಲ್ಲದು.

ಆದ್ದರಿಂದ ಪಿಸ್ತೂಲಿನೊಡನೆ ಕಟ್ಟಳೆಗಳೂ ಮನೆಗೆ ಬರಲಿ. ಒಳಗೆ ಪೆಲೆಟ್ಟು ಇಲ್ಲವೆಂದು ಗೊತ್ತಿದ್ದರೂ ಇದೆಯೆಂದೇ ತಿಳಿದು ಹಿಡಿಯಬೇಕು. ತಮಾಷೆಗಾಗಿಯೂ ಮನುಷ್ಯರತ್ತ, ಪ್ರಾಣಿಪಕ್ಷಿಗಳತ್ತ ನಳಿಗೆ ತಿರುಗಿಸಬಾರದು. ಹೊಡೆಯುವ ಕ್ಷಣದವರೆಗೆ ಬೆರಳು ಟ್ರಿಗರಿನಿಂದ ಹೊರಗಿರಬೇಕು. ಕಣ್ಣಿಗೆ ರಕ್ಷಣೆಯ ಕನ್ನಡಕ, ಗುರಿಯ ಹಿಂದೆ ಪೆಲೆಟ್ಟು ಹಿಡಿಯುವ ಪೆಟ್ಟಿಗೆ ಇರಬೇಕು. ಸೀಸ ವಿಷವಾದುದರಿಂದ ಕೈ ತೊಳೆಯದೆ ಊಟ ಮುಟ್ಟಬಾರದು. ಆಟ ಮುಗಿದ ಮೇಲೆ ಪಿಸ್ತೂಲು ಬೀಗದಲ್ಲಿ, ಬೀಗದ ಕೈ ಹಿರಿಯರಲ್ಲಿ. ಕುಡಿದು ಕೈಯೆತ್ತುವವರು ಇರುವ ಮನೆಗೆ, ಸಿಟ್ಟು ಹತೋಟಿಯಲ್ಲಿಲ್ಲದ ಮನೆಗೆ, ಬದುಕು ಬೇಡವೆಂದು ಯಾರಾದರೂ ನೊಂದಿರುವ ಮನೆಗೆ ಅದು ಬರಲೇಬಾರದು. ಅಲ್ಲಿ "ಬೇಡ" ಎಂಬ ಮಾತೇ ಪ್ರೀತಿ.

ಮುಂದೆ ಗುರಿ ಇರಬೇಕು, ಹಿಂದೆ ಗುರು ಇರಬೇಕು ಎನ್ನುತ್ತೇವಲ್ಲ? ಈ ಆಟಕ್ಕೆ ಆ ಮಾತು ಅಕ್ಷರಶಃ ಸಲ್ಲುತ್ತದೆ. ಪಿಸ್ತೂಲು ಕೊಡಿಸಿ ಮಗುವನ್ನು ಒಂಟಿಯಾಗಿ ತಾರಸಿಗೆ ಕಳುಹಿಸಬೇಡಿ. ತರಬೇತುದಾರರ ಬಳಿಗೆ ಕಳುಹಿಸಿ, ಆಗಾಗ ನೀವೂ ಜೊತೆಯಲ್ಲಿ ಹೋಗಿ.

ಲೊಯೋಲದ ಸಂತ ಇಗ್ನಾಸಿಯವರು 1522ರಲ್ಲಿ ಮೊನ್ಸೆರಾತ್‌ನ ಮಾತೆ ಮರಿಯಳ ಪೀಠದ ಮುಂದೆ ತಮ್ಮ ಕತ್ತಿಯನ್ನು ಬಿಟ್ಟು ನಡೆದರು. ಆ ಕತ್ತಿ ಅವರ ಹಳೆಯ ಹೆಮ್ಮೆಯ ಗುರುತಾಗಿತ್ತು, ಬಿಡಲೇಬೇಕಾಗಿತ್ತು. ಸಂತ ಯೊವಾನ್ನರಾದರೋ ಪರರ ಕೈಯ ಬಿಲ್ಲಿನಿಂದಲೇ ಪಾಠ ಹೇಳಿದರು. ಇಬ್ಬರೂ ನೋಡಿದ್ದು ಆ ವಸ್ತು ಮನುಷ್ಯನ ಹೃದಯವನ್ನು ಎತ್ತ ಎಳೆಯುತ್ತದೆ ಎಂಬುದನ್ನು. ತಂದೆತಾಯಿಗಳಾದ ನಾವು ನೋಡಬೇಕಾದದ್ದೂ ಅದನ್ನೇ.

ಒಂದು ವರ್ಷದ ನಂತರ ನಿಮ್ಮನ್ನೇ ಕೇಳಿಕೊಳ್ಳಿ. ಮಗುವಿನ ತಾಳ್ಮೆ ಹೆಚ್ಚಿದೆಯೇ? ಸೋತ ದಿನ ಊಟದ ತಟ್ಟೆಯ ಮುಂದೆ ಅದರ ಮಾತು ಹೇಗಿದೆ? ಭಾನುವಾರದ ಬಲಿಪೂಜೆಗೂ ಸ್ಪರ್ಧೆಗೂ ಸಮಯ ತಾಕಿದಾಗ ಮನೆ ಯಾವುದನ್ನು ಆರಿಸಿತು? ಅಂಗಳದ ಗುಬ್ಬಿಗಳು ಮೊದಲಿನಂತೆಯೇ ನಿರ್ಭಯವಾಗಿ ಕಾಳು ಹೆಕ್ಕುತ್ತಿವೆಯೇ? ಈ ಪ್ರಶ್ನೆಗಳಿಗೆ ಒಳ್ಳೆಯ ಉತ್ತರ ಸಿಕ್ಕರೆ ದೇವರಿಗೆ ಕೃತಜ್ಞತೆ ಸಲ್ಲಿಸಿ ಆಟ ಮುಂದುವರಿಸಿ. ಸಿಗದಿದ್ದರೆ, ಪಿಸ್ತೂಲನ್ನು ಬೇರೆಯವರಿಗೆ ಕೊಟ್ಟು ಬಿಡುವ ಧೈರ್ಯವೂ ನಿಮಗಿರಲಿ.