ಥಂಡಿಯಲ್ಲಿ ಓಡುವವರ ಹಿಂದೆ

ಡಿಸೆಂಬರ್ ಬಂತೆಂದರೆ ವಿಜಯಪುರ ಜಿಲ್ಲೆಯ ನಮ್ಮ ತಿಕೋಟಾ ಸೀಮೆಯಲ್ಲಿ ಕೌದಿ ಸರಿಸಿ ಏಳುವುದೇ ಕಷ್ಟ. ಸಮುದ್ರದಿಂದ ದೂರದ ಈ ಬಯಲಿನಲ್ಲಿ ಗಾಳಿ ಒಣ, ಆಕಾಶ ನಿರ್ಮಲ. ಹಗಲೆಲ್ಲ ಕಾದ ನೆಲ ರಾತ್ರಿ ತನ್ನ ಶಾಖವನ್ನೆಲ್ಲ ಬಿಟ್ಟುಕೊಡುತ್ತದೆ. ಮಧ್ಯಾಹ್ನ ನೆರಳು ಹುಡುಕುವ ನಾವೇ ನಸುಕಿನಲ್ಲಿ ನಡುಗುತ್ತೇವೆ. ಕೆಲವು ದಿನ ಉಷ್ಣಾಂಶ 10 ಡಿಗ್ರಿಗಿಂತ ಕೆಳಗಿಳಿಯುತ್ತದೆ. ಅಂಥ ಹೊತ್ತಿನಲ್ಲೂ ಘೋಣಸಗಿಯಂಥ ಊರುಗಳ ರಸ್ತೆಯಲ್ಲಿ ಹೆಜ್ಜೆ ಸಪ್ಪಳ ಕೇಳುತ್ತದೆ. ಮಿಲಿಟರಿ ಭರ್ತಿಗೆ, ಪೊಲೀಸ್ ಕೆಲಸಕ್ಕೆ ತಯಾರಾಗುತ್ತಿರುವ ಮಕ್ಕಳು ಅವರು. ಸೇನಾ ಭರ್ತಿಯಲ್ಲಿ 1600 ಮೀಟರನ್ನು 5 ನಿಮಿಷ 30 ಸೆಕೆಂಡಿನೊಳಗೆ ಮುಗಿಸಿದವನಿಗೆ ಪೂರ್ತಿ 60 ಅಂಕ. ಆ ಸೆಕೆಂಡುಗಳ ಮೇಲೆ ಒಂದು ಮನೆಯ ಸಾಲ, ತಂಗಿಯ ಓದು, ಅಪ್ಪನ ಭರವಸೆ ಎಲ್ಲವೂ ನಿಂತಿರುತ್ತವೆ. ವಿಜಯಪುರದ ವೃಕ್ಷಥಾನ್ ಓಟ ಶುರುವಾದ ಮೇಲೆ ಗೃಹಸ್ಥರೂ ಬೂಟು ಕಟ್ಟಿ ಹೊರಬೀಳುತ್ತಿದ್ದಾರೆ. ಗಿಡ ನೆಡುವ ಅಭಿಯಾನದೊಂದಿಗೆ ಬೆಳೆದ ಆ ಓಟ ನಡೆಯುವುದೂ ಚಳಿಗಾಲದಲ್ಲೇ. ಒಳ್ಳೆಯದೇ ಆಯಿತು.

ಆದರೆ ಥಂಡಿಗೂ ಅದರದೇ ನಿಯಮವಿದೆ. ಮೈಗೆ ಚಳಿ ತಾಗಿದೊಡನೆ ಚರ್ಮದ ರಕ್ತನಾಳಗಳು ಸಂಕುಚಿಸುತ್ತವೆ, ರಕ್ತದೊತ್ತಡ ಏರುತ್ತದೆ, ಹೃದಯಕ್ಕೆ ಕೆಲಸ ಹೆಚ್ಚುತ್ತದೆ. ಬಾಯಿಂದ ಸರಸರ ಎಳೆದುಕೊಂಡ ಒಣಗಾಳಿ ಗಂಟಲು, ಶ್ವಾಸನಾಳಗಳನ್ನು ಒಣಗಿಸಿ ಕೆಮ್ಮು ತರುತ್ತದೆ. ದಮ್ಮು ಇದ್ದವರಿಗೆ ಎದೆ ಬಿಗಿಯುತ್ತದೆ. ಮೂಗಿನಿಂದ ಉಸಿರಾಡಿದರೆ ಗಾಳಿ ಒಳಗೆ ಹೋಗುವಷ್ಟರಲ್ಲಿ ಸ್ವಲ್ಪ ಬೆಚ್ಚಗಾಗಿ ತೇವಗೊಂಡಿರುತ್ತದೆ. ಅದಕ್ಕೇ ಎದ್ದವರೇ ಓಟ ಕೀಳಬಾರದು. ಮೊದಲು ಹತ್ತು ನಿಮಿಷ ನಡೆಯಬೇಕು, ಕೈಕಾಲು ಆಡಿಸಬೇಕು, ಮೈ ಕಾದ ಮೇಲೆ ವೇಗ ಹಿಡಿಯಬೇಕು. ಲಡಾಖಿನ ಎತ್ತರಕ್ಕೆ ಹೊಸದಾಗಿ ಹೋದ ಸೈನಿಕನನ್ನು ಸೇನೆ ಕೂಡ ಬಂದ ದಿನವೇ ಓಡಿಸುವುದಿಲ್ಲ. ಮೊದಲು ವಿಶ್ರಾಂತಿ, ಆಮೇಲೆ ನಡಿಗೆ, ಹಂತಹಂತವಾಗಿ ಮುಂದಿನ ಶ್ರಮ. ಅಲ್ಲಿ ತೆಳುವಾದ ಗಾಳಿಗೆ ಮೈ ಒಗ್ಗಬೇಕು, ಇಲ್ಲಿ ನಸುಕಿನ ಚಳಿಗೆ. ಎಲ್ಲದಕ್ಕೂ ಹದ ಬೇಕು: ಅತಿಯಾಗಿ ಉಂಡವನಿಗಾಗಲಿ, ಏನೂ ಉಣ್ಣದವನಿಗಾಗಲಿ ಯೋಗ ಸಾಧ್ಯವಿಲ್ಲವೆಂದು ಗೀತೆ ಹೇಳಿದ್ದು ಇಂಥ ಸಾಧಕರಿಗೂ ಸಲ್ಲುತ್ತದೆ. ಬಿ.ಪಿ., ಹೃದಯದ ತೊಂದರೆ ಇದ್ದ ಹಿರಿಯರು ಡಾಕ್ಟರನ್ನು ಕೇಳಿ, ಬಿಸಿಲೇರಿದ ಮೇಲೆ ಹೊರಡುವುದು ಲೇಸು. ಹೊತ್ತು ನೋಡಿ ನಡೆದುಕೊಳ್ಳುವುದೂ ಶಿಸ್ತೇ.

ಓಡುವ ಹುಡುಗನ ಛಲವನ್ನು ನಾವೆಲ್ಲ ಹೊಗಳುತ್ತೇವೆ. ಆ ಛಲ ನಾಲ್ಕು ತಿಂಗಳು ಬಾಳಬೇಕಾದರೆ ಮನೆಯಲ್ಲಿ ಏನೇನು ನಡೆಯುತ್ತದೆ ಎಂಬುದನ್ನು ಗಮನಿಸುವವರು ಕಡಿಮೆ. 'ಯವ್ವಾ, ಗ್ರೌಂಡಿಗಿ ಹೊಂಟೇನಿ' ಎಂದು ಅವನು ಚಪ್ಪರದ ಕೆಳಗೆ ಬೂಟು ಕಟ್ಟುವಾಗ ಅವ್ವ ಆಗಲೇ ಎದ್ದು ಒಲೆ ಹಚ್ಚಿರುತ್ತಾಳೆ. 'ಕಿವಿ ಕಟ್ಟಿಕೊಂಡು ಹೋಗೋ ತಮ್ಮಾ' ಎನ್ನುತ್ತಾಳೆ. ಚಳಿಗಾಲದಲ್ಲಿ ನೀರಡಿಕೆ ಗೊತ್ತಾಗುವುದಿಲ್ಲ, ಆದರೂ ಓಡಿದ ಮೈ ನೀರು ಕಳೆದುಕೊಂಡಿರುತ್ತದೆ. ಬೆವರಿಗೆ ತೊಯ್ದ ಹತ್ತಿಯ ಬನಿಯನ್ ಓಟ ನಿಂತ ಕೂಡಲೇ ತಣ್ಣಗಾಗಿ ಮೈಯ ಶಾಖವನ್ನು ಕಸಿಯುತ್ತದೆ. ಹಾಗಾಗಿ ಅವನು ಬರುವಷ್ಟರಲ್ಲಿ ಒಂದು ಒಣ ಅಂಗಿ, ಒಂದು ತಂಬಿಗೆ ಉಗುರುಬೆಚ್ಚಗಿನ ನೀರು, ಬಿಸಿ ರೊಟ್ಟಿಯ ಜೊತೆ ಒಂದಿಷ್ಟು ಶೇಂಗಾ ಹಿಂಡಿ ಸಿದ್ಧವಿದ್ದರೆ ಅಷ್ಟೇ ಸಾಕು. ಇದರಲ್ಲಿ ಯಾವುದಕ್ಕೂ ದೊಡ್ಡ ಖರ್ಚಿಲ್ಲ. ಭರ್ತಿಯ ಪಟ್ಟಿಯಲ್ಲಿ ಅವ್ವನ ಹೆಸರು ಬರುವುದಿಲ್ಲ. ಆದರೆ ಅಲ್ಲಿ ಬರುವ ಹೆಸರಿನಲ್ಲಿ ಅವಳ ಪಾಲೂ ಇರುತ್ತದೆ.

ಈ ಪಾಲು ಮನೆಯವರಿಗಷ್ಟೇ ಮೀಸಲಲ್ಲ, ನಮಗೂ ಬೇಕಾದಷ್ಟಿದೆ. ಚಳಿಗಾಲವೆಂದರೆ ಕಬ್ಬು ನುರಿಸುವ ಹಂಗಾಮು. ಎರಡೆರಡು ಟ್ರೇಲರ್ ಕಟ್ಟಿದ ಟ್ರ್ಯಾಕ್ಟರುಗಳು ಕತ್ತಲಲ್ಲೇ ಕಾರ್ಖಾನೆಯ ದಾರಿ ಹಿಡಿಯುತ್ತವೆ, ಹುಡುಗರು ಅದೇ ರಸ್ತೆಯಲ್ಲಿ ಓಡುತ್ತಾರೆ. ಟ್ರೇಲರಿನ ಹಿಂದೆ ಕೆಂಪು ರಿಫ್ಲೆಕ್ಟರ್ ಹಚ್ಚಿಸುವುದು ಮಾಲೀಕರ ಧರ್ಮ; ಬಿಳಿ ಅಂಗಿ ತೊಟ್ಟು, ಎದುರಿಗೆ ಬರುವ ವಾಹನ ಕಾಣುವಂತೆ ಬಲಬದಿಗೆ ಓಡುವುದು ಮಕ್ಕಳ ಜಾಣತನ. ರಸ್ತೆ ಬದಿಯ ಮನೆಯವರು ಹೊರಗಿನ ಒಂದು ಬಲ್ಬು ಬೆಳಗಿನವರೆಗೆ ಉರಿಸಿದರೆ ಹೆಣ್ಣುಮಕ್ಕಳಿಗೂ ಧೈರ್ಯ ಬರುತ್ತದೆ. ಇನ್ನು, ಕಬ್ಬು ಕಡಿಯಲು ಅಪ್ಪ ಅವ್ವ ಇಬ್ಬರೂ ದೂರ ಹೋಗಿರುವ ಮನೆಗಳು ನಮ್ಮ ಜಿಲ್ಲೆಯಲ್ಲಿ ಎಷ್ಟೋ ಇವೆ. ಅಲ್ಲಿ ಮಗನನ್ನು ಎಬ್ಬಿಸುವವರಿಲ್ಲ, ನೀರು ಕಾಯಿಸುವವರಿಲ್ಲ, ಅಜ್ಜಿಗೆ ಥಂಡಿಯಲ್ಲಿ ಏಳಲಾಗುವುದಿಲ್ಲ. ಓಡಬೇಕೆಂಬ ಸಂಕಲ್ಪ ಆ ಹುಡುಗನದೇ, ಅದನ್ನು ನಾವು ಕೊಡಲಾರೆವು. ಆದರೆ ನಮ್ಮ ಮಗನನ್ನು ಎಬ್ಬಿಸುವ ಹೊತ್ತಿಗೆ ಆ ಮನೆಯ ಬಾಗಿಲನ್ನೂ ತಟ್ಟಬಹುದು, ಹಂಡೆಗೆ ಇನ್ನೊಂದು ಕೊಡ ನೀರು ಸುರಿಯಬಹುದು, ಎರಡು ರೊಟ್ಟಿ ಹೆಚ್ಚಿಗೆ ಬಡಿಯಬಹುದು. ನಮ್ಮ ಓಣಿಯಲ್ಲಿ ಅಂಥ ಮನೆ ಯಾವುದೆಂದು ಇವತ್ತೇ ವಿಚಾರಿಸೋಣ.