ಅಳತೆ ಮಾಡುವಾಗ ಯಾರಿದ್ದರು?

ಬೆಂಗಳೂರಿನ ಇಂದಿರಾನಗರದ ಅನೇಕ ಮನೆಗಳ ಔಷಧದ ಡಬ್ಬಿಯಲ್ಲಿ, ಅರ್ಧ ಖಾಲಿಯಾದ ಮಾತ್ರೆಯ ಹಾಳೆ, ಅಮೃತಾಂಜನದ ಸೀಸೆ, ಬಣ್ಣಗೆಟ್ಟ ಬ್ಯಾಂಡೇಜುಗಳ ನಡುವೆ ಈಗಲೂ ಒಂದು ಪುಟ್ಟ ಆಕ್ಸಿಮೀಟರ್ ಬಿದ್ದಿರುತ್ತದೆ. 2021ರ ಆ ಕೋವಿಡ್ ಬೇಸಿಗೆಯಲ್ಲಿ ನಾವೆಲ್ಲ ಅದನ್ನು ಬೆರಳಿಗೆ ಸಿಕ್ಕಿಸಿಕೊಂಡು, ಮೂಡುವ ಅಂಕಿ 94ಕ್ಕಿಂತ ಕೆಳಗಿಳಿಯದಿರಲಿ ಎಂದು ಮನೆದೇವರನ್ನು ನೆನೆಯುತ್ತಾ ಕೂತವರು. ಅಂಕಿ ಸುಳ್ಳು ಹೇಳುವುದಿಲ್ಲ ಎಂಬ ನಂಬಿಕೆಯಿಂದಲೇ ಎಷ್ಟೋ ಮಂದಿ ಆಸ್ಪತ್ರೆಗೆ ಓಡಿದರು, ಎಷ್ಟೋ ಮಂದಿ ಮನೆಯಲ್ಲೇ ಉಳಿದರು.

ಆದರೆ ಆ ಯಂತ್ರ ಎಲ್ಲರಿಗೂ ಒಂದೇ ನಿಷ್ಠೆಯಿಂದ ದುಡಿದಿರಲಿಲ್ಲ. ಅದು ಬೆರಳಿನೊಳಗೆ ಬೆಳಕು ಹಾಯಿಸಿ, ಎಷ್ಟು ಬೆಳಕು ಆಚೆ ಬಂತು ಎಂಬುದರ ಮೇಲೆ ರಕ್ತದಲ್ಲಿನ ಆಮ್ಲಜನಕವನ್ನು ಅಂದಾಜು ಮಾಡುತ್ತದೆ. ಚರ್ಮದ ಕಪ್ಪು ಬಣ್ಣವೂ ಬೆಳಕನ್ನು ಹೀರುವುದರಿಂದ ಲೆಕ್ಕ ತಪ್ಪುತ್ತದೆ. ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದ ವೈದ್ಯರು 2020ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಯಂತ್ರವು 92ರಿಂದ 96 ಎಂದು ಸಮಾಧಾನ ಹೇಳುತ್ತಿದ್ದಾಗಲೂ ನಿಜವಾದ ಮಟ್ಟ 88ಕ್ಕಿಂತ ಕೆಳಗಿದ್ದ ಪ್ರಸಂಗಗಳು ಬಿಳಿಯರಲ್ಲಿ ಶೇಕಡ 3.6 ಇದ್ದರೆ ಕಪ್ಪು ಜನರಲ್ಲಿ ಶೇಕಡ 11.7ರಷ್ಟಿದ್ದವು. ಇದರ ಹಿಂದೆ ಯಾರ ದ್ವೇಷವೂ ಇರಲಿಲ್ಲ. ಯಂತ್ರವನ್ನು ಒರೆಗೆ ಹಚ್ಚುವ ಹೊತ್ತಿನಲ್ಲಿ ಆ ಕೋಣೆಯಲ್ಲಿ ಕಪ್ಪು ಬೆರಳುಗಳು ಸಾಕಷ್ಟು ಇರಲಿಲ್ಲ, ಅಷ್ಟೇ. ಆ ‘ಅಷ್ಟೇ’ ಎಂಬಷ್ಟರಿಂದಲೇ ಎಷ್ಟು ಜನಕ್ಕೆ ಹಾಸಿಗೆ ಸಿಗುವುದು ತಡವಾಗಿರಬಹುದು? ಕಪ್ಪು ಬೆರಳುಗಳೇ ಹೆಚ್ಚಿರುವ ನಮ್ಮ ನಾಡಿನಲ್ಲೂ ಆ ಯಂತ್ರವನ್ನು ಕೊಂಡವರಲ್ಲಿ ಎಷ್ಟು ಮಂದಿ ಈ ಪ್ರಶ್ನೆ ಕೇಳಿದೆವು?

ಆರೋಗ್ಯದಲ್ಲಿನ ಅಸಮಾನತೆ ಎಂದೊಡನೆ ನಮ್ಮ ಮನಸ್ಸು ಬಡತನಕ್ಕೆ, ಆಸ್ಪತ್ರೆಗಳ ಕೊರತೆಗೆ ಹೋಗುತ್ತದೆ, ಹೋಗಬೇಕಾದದ್ದೇ. ಆದರೆ ಅದಕ್ಕೂ ಹಿಂದೆ, ಹೆಚ್ಚು ಗದ್ದಲವಿಲ್ಲದ ಒಂದು ಜಾಗದಲ್ಲಿ ಅದು ಹುಟ್ಟುತ್ತದೆ ಎನಿಸುತ್ತದೆ: ಒಬ್ಬರ ಗೈರುಹಾಜರಿಯಲ್ಲಿ ಅವರಿಗಾಗಿ ಅಳತೆಗಳು ನಿಗದಿಯಾಗುವ ಜಾಗದಲ್ಲಿ.

ನಮ್ಮದೇ ನಾಡಿನ ಆಫ್ರಿಕಾ ಮೂಲದ ಜನರನ್ನು ನೋಡಿ. ಉತ್ತರ ಕನ್ನಡ ಜಿಲ್ಲೆಯ ಯಲ್ಲಾಪುರ, ಹಳಿಯಾಳ, ಮುಂಡಗೋಡ, ಅಂಕೋಲಾದ ಕಾಡಂಚುಗಳಲ್ಲಿ ಬದುಕುತ್ತಿರುವ ಸಿದ್ದಿಯರ ಹಿರೀಕರಲ್ಲಿ ಹೆಚ್ಚಿನವರು ಪೋರ್ಚುಗೀಸರ ಕಾಲದಲ್ಲಿ ಗೋವೆಗೆ ಗುಲಾಮರಾಗಿ ಬಂದು, ತಪ್ಪಿಸಿಕೊಂಡು ಘಟ್ಟದ ಕಾಡು ಸೇರಿದವರು. ಅವರಲ್ಲಿ ಹಿಂದೂಗಳಿದ್ದಾರೆ, ಮುಸ್ಲಿಮರಿದ್ದಾರೆ, ಕ್ರೈಸ್ತರಿದ್ದಾರೆ. ಕನ್ನಡ, ಕೊಂಕಣಿ, ಮರಾಠಿಗಳು ಅವರ ನಾಲಿಗೆಯಲ್ಲಿ ಬೆರೆತಿವೆ. 1980ರ ದಶಕದ ಕೊನೆಯಲ್ಲಿ ಭಾರತೀಯ ಕ್ರೀಡಾ ಪ್ರಾಧಿಕಾರಕ್ಕೆ ಇವರ ನೆನಪಾಯಿತು. ಆಫ್ರಿಕಾದ ರಕ್ತವಿದ್ದ ಮೇಲೆ ಓಡಿಯೇ ಓಡುತ್ತಾರೆ, ದೇಶಕ್ಕೆ ಪದಕ ತರುತ್ತಾರೆ ಎಂಬ ಎಣಿಕೆಯಲ್ಲಿ ಹಾಡಿಗಳಿಂದ ಮಕ್ಕಳನ್ನು ಆಯ್ದು ತರಬೇತಿಗೆ ಕರೆದೊಯ್ದರು. ಕೆಲವರು ನಿಜಕ್ಕೂ ಮಿಂಚಿದರು. ಕೆಲವೇ ವರ್ಷಗಳಲ್ಲಿ ಯೋಜನೆ ನಿಂತುಹೋಯಿತು. ಇವರನ್ನು ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿಸಲು 2003ರ ತನಕ ಕಾಯಬೇಕಾಯಿತು ಎಂಬುದನ್ನು ಇದರ ಪಕ್ಕದಲ್ಲಿಟ್ಟು ನೋಡಿದರೆ ನಮ್ಮ ನೋಟದ ವಕ್ರತೆ ಕಾಣುತ್ತದೆ. ಆ ಮೈ ಎಷ್ಟು ವೇಗವಾಗಿ ಓಡಬಲ್ಲದು ಎಂದು ಅಳೆಯಲು ಗಡಿಯಾರ ಹಿಡಿದು ಹೋದ ನಾವು, ಅದೇ ಮೈ ಮಳೆಗಾಲದಲ್ಲಿ ಏನು ಉಣ್ಣುತ್ತದೆ, ಜ್ವರ ಬಂದರೆ ಎಲ್ಲಿಗೆ ಹೋಗುತ್ತದೆ ಎಂದು ಕೇಳುವುದಕ್ಕೆ ಅಷ್ಟೇ ಆತುರ ತೋರಲಿಲ್ಲ.

ಎಲ್ಲಿಗೆ ಹೋಗುತ್ತದೆ? ಉತ್ತರ ಕನ್ನಡದ ಜನ ದೊಡ್ಡ ಕಾಯಿಲೆಗೆ ಹುಬ್ಬಳ್ಳಿಗೋ ಮಣಿಪಾಲಕ್ಕೋ ಮಂಗಳೂರಿಗೋ ಗೋವೆಗೋ ಹೋಗುವುದು ವಾಡಿಕೆ. 2022ರ ಜುಲೈಯಲ್ಲಿ ಹೊನ್ನಾವರದಿಂದ ರೋಗಿಯನ್ನು ಹೊತ್ತು ಕುಂದಾಪುರದ ಕಡೆ ಧಾವಿಸುತ್ತಿದ್ದ ಆಂಬುಲೆನ್ಸ್ ಶಿರೂರಿನ ಟೋಲ್ ಗೇಟಿನಲ್ಲಿ ಪಲ್ಟಿಯಾಗಿ ನಾಲ್ವರು ಸತ್ತಾಗ, ಜಿಲ್ಲೆಗೊಂದು ಸುಸಜ್ಜಿತ ಆಸ್ಪತ್ರೆ ಬೇಕೆಂಬ ಹಳೆಯ ಕೂಗು ಮತ್ತೆ ಎದ್ದಿತು. ಇದು ಇಡೀ ಜಿಲ್ಲೆಯ ಸಂಕಟ. ಅದರೊಳಗೂ ಕಾಡಿನ ಮಗ್ಗುಲಿನವರ ಸಂಕಟಕ್ಕೆ ಇನ್ನೊಂದು ಮಡಿಕೆಯಿದೆ. ಸರ್ಕಾರಿ ಆಸ್ಪತ್ರೆಯ ಕಿಟಕಿಯಲ್ಲಿ ಕೂತವರು “ರಿಪೋರ್ಟ್ ಇವತ್ತು ಬರಲ್ಲಮ್ಮ, ನಾಳೆ ಬನ್ನಿ” ಎನ್ನುತ್ತಾರೆ. ಹೇಳುವವರಿಗೆ ಅದು ದಿನಕ್ಕೆ ನೂರು ಸಲ ಹೇಳುವ ಮಾತು. ಇಂದಿರಾನಗರದ ಸಿಎಂಎಚ್ ರಸ್ತೆಯ ಆಸುಪಾಸಿನಲ್ಲಿರುವವರಿಗೆ ‘ನಾಳೆ’ ಎಂದರೆ ಸಂಜೆಯ ನಡಿಗೆಯಲ್ಲಿ ಮುಗಿಯುವ ಕೆಲಸ. ಬೆಳಗಿನ ಒಂದೇ ಬಸ್ಸನ್ನು ನೆಚ್ಚಿಕೊಂಡು ಹಾಡಿಯಿಂದ ಬಂದ ಹೆಂಗಸಿಗೆ ಅದೇ ‘ನಾಳೆ’ ಎರಡು ದಿನದ ಕೂಲಿ, ಮನೆಯಲ್ಲಿ ಬಿಟ್ಟುಬಂದ ಮಗು, ಮತ್ತೊಮ್ಮೆ ಸಾಲ ಕೇಳುವ ಮುಜುಗರ. ಆಕೆ ಮರುದಿನ ಬರದಿದ್ದರೆ ನಮ್ಮ ದಫ್ತರದಲ್ಲಿ ‘ರೋಗಿ ಚಿಕಿತ್ಸೆ ಮುಂದುವರಿಸಲಿಲ್ಲ’ ಎಂದು ದಾಖಲಾಗುತ್ತದೆ. ಮುಂದುವರಿಸದೆ ಹೋದವರು ನಿಜವಾಗಿ ಯಾರು?

ಇಂಥವರ ಅನಾರೋಗ್ಯದ ಕಾರಣವನ್ನು ರಕ್ತದಲ್ಲಿ ಹುಡುಕುವುದು ಸುಲಭ. ರಕ್ತ ಅವರದು, ಹೊಣೆಯೂ ಅವರದೇ ಆಗಿಬಿಡುತ್ತದೆ. ಕುಡಗೋಲು ಕಣ (ಸಿಕಲ್ ಸೆಲ್) ರೋಗವನ್ನು ಜಗತ್ತು ಬಹುಕಾಲ ಆಫ್ರಿಕಾದವರ ಕಾಯಿಲೆ ಎಂದೇ ಬಗೆದಿತ್ತು. 1952ರಲ್ಲಿ ನಮ್ಮ ಪಕ್ಕದ ನೀಲಗಿರಿಯ ಬುಡಕಟ್ಟು ಜನರ ರಕ್ತದಲ್ಲೂ ಅದು ಕಂಡಿತು. ಅದನ್ನು ಬೇರುಸಹಿತ ತೆಗೆಯುವ ರಾಷ್ಟ್ರೀಯ ಅಭಿಯಾನ ಆರಂಭವಾದದ್ದು 2023ರ ಜುಲೈಯಲ್ಲಿ. ನಡುವೆ ಎಪ್ಪತ್ತೊಂದು ವರ್ಷ. ಕಾಡಿನ ಜನರ ತೋಳಿಗೆ ಸೂಜಿ ಚುಚ್ಚಲು ಸಂಶೋಧಕರು ಈ ಅವಧಿಯಲ್ಲಿ ಹಲವು ಸಲ ಹೋಗಿದ್ದಾರೆ, ಒಳ್ಳೆಯ ಪ್ರಬಂಧಗಳೂ ಬಂದಿವೆ. ರಕ್ತ ಕೊಟ್ಟವರ ಅಂಗಳಕ್ಕೆ ಮರಳಿ ಹೋಗಿ, ಅವರ ಮಾತಿನಲ್ಲಿ, “ನಿಮ್ಮಲ್ಲಿ ಕಂಡದ್ದು ಇದು, ಇನ್ನು ಮಾಡಬೇಕಾದ್ದು ಇದು” ಎಂದು ಕೂತು ಹೇಳುವುದು ಪ್ರಬಂಧದ ಒಂದು ಭಾಗ ಎಂದು ಎಷ್ಟು ಮಂದಿ ತಿಳಿದಿದ್ದೇವೆ?

ಹೀಗೆ ಮುರಿದ ನಂಬಿಕೆ ಮತ್ತೆ ಕೂಡಿಕೊಳ್ಳುವುದು ನಿಧಾನ. ಅಮೆರಿಕದ ಟಸ್ಕೆಗೀಯಲ್ಲಿ 1932ರಿಂದ 1972ರವರೆಗೆ ಸಿಫಿಲಿಸ್ ಇದ್ದ ಸುಮಾರು 400 ಕಪ್ಪು ಗಂಡಸರಿಗೆ, ಪೆನಿಸಿಲಿನ್ ಬಂದ ಮೇಲೂ ಚಿಕಿತ್ಸೆ ಕೊಡದೆ, ರೋಗ ಹೇಗೆ ಬೆಳೆಯುತ್ತದೆಂದು ಸರ್ಕಾರವೇ ನೋಡುತ್ತಾ ಕೂತಿತ್ತು. ಅವರ ಮೊಮ್ಮಕ್ಕಳು ಇಂದು ಲಸಿಕೆಗೆ ಹಿಂಜರಿದರೆ ಅದನ್ನು ಅಜ್ಞಾನ ಎನ್ನೋಣವೇ, ನೆನಪು ಎನ್ನೋಣವೇ? ನಮಗೂ ಅಂಥ ನೆನಪು ಇಲ್ಲದಿಲ್ಲ. 1898ರಲ್ಲಿ ಬೆಂಗಳೂರಿಗೆ ಪ್ಲೇಗು ಬಂದಾಗ, ಮನೆ ಹೊಕ್ಕು ರೋಗಿಗಳನ್ನು ಶಿಬಿರಗಳಿಗೆ ಎಳೆದೊಯ್ಯುವ ತಪಾಸಣೆಯವರಿಗೆ ಹೆದರಿ ನಮ್ಮ ಹಿರಿಯರು ಕಾಯಿಲೆಯವರನ್ನು ಬಚ್ಚಿಟ್ಟರು, ಊರು ಬಿಟ್ಟರು, ಪ್ಲೇಗಮ್ಮನಿಗೆ ಗುಡಿ ಕಟ್ಟಿದರು. ಅಧಿಕಾರಿಗಳಿಗಿಂತ ಅಮ್ಮನೇ ಮಾತು ಕೇಳಿಸಿಕೊಳ್ಳುವವಳು ಎಂದು ಅವರಿಗೆ ಕಂಡಿದ್ದರೆ ಅದರಲ್ಲಿ ಆಶ್ಚರ್ಯವೇನಿದೆ?

ಹಾಗಾದರೆ ಅಳತೆಯ ಕೋಣೆಯ ಬಾಗಿಲು ತೆರೆಯುವುದು ಹೇಗೆ? ಲಾಸ್ ಏಂಜಲೀಸಿನ ಕ್ಷೌರದಂಗಡಿಗಳು ಇದಕ್ಕೊಂದು ಉತ್ತರ ಕೊಟ್ಟಿವೆ. ರಕ್ತದೊತ್ತಡಕ್ಕೆ ಆಸ್ಪತ್ರೆ ಮೆಟ್ಟಿಲು ಹತ್ತದ ಕಪ್ಪು ಗಂಡಸರು ತಿಂಗಳಿಗೊಮ್ಮೆಯಾದರೂ ತಪ್ಪದೆ ಕೂರುವ ಕುರ್ಚಿ ಒಂದಿದೆ, ಅದು ಕ್ಷೌರಿಕರದ್ದು ಎಂಬುದನ್ನು ಹೃದಯತಜ್ಞ ರೊನಾಲ್ಡ್ ವಿಕ್ಟರ್ ಗಮನಿಸಿದರು. ಅವರ ತಂಡ 52 ಅಂಗಡಿಗಳನ್ನು, 319 ಗಿರಾಕಿಗಳನ್ನು ಜೊತೆಗೂಡಿಸಿಕೊಂಡಿತು. ಅರ್ಧದಷ್ಟು ಅಂಗಡಿಗಳಲ್ಲಿ ಔಷಧ ತಜ್ಞರೇ ಬಂದು, ಕತ್ತರಿಯ ಸದ್ದು, ಹರಟೆ, ಆಟದ ಜಗಳಗಳ ನಡುವೆಯೇ ಒತ್ತಡ ನೋಡಿ ಮಾತ್ರೆ ಬರೆದುಕೊಟ್ಟರು. ಉಳಿದ ಕಡೆ ಕ್ಷೌರಿಕರು ವೈದ್ಯರನ್ನು ಕಾಣಿರೆಂದು ಗಿರಾಕಿಗಳಿಗೆ ಹೇಳಿದರು. 2018ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ, ಆರು ತಿಂಗಳಿಗೆ ಮೇಲಿನ ಒತ್ತಡ ಮೊದಲ ಗುಂಪಿನಲ್ಲಿ ಸರಾಸರಿ 27 ಅಂಕ ಇಳಿದಿದ್ದರೆ ಎರಡನೆಯದರಲ್ಲಿ ಸುಮಾರು 9. ಹೊಸ ಮಾತ್ರೆಯೇನೂ ಕಂಡುಹಿಡಿದಿರಲಿಲ್ಲ. ವೈದ್ಯಲೋಕ ತನ್ನ ಕುರ್ಚಿ ಬಿಟ್ಟು ಇನ್ನೊಬ್ಬರ ಅಂಗಡಿಗೆ, ಆ ಅಂಗಡಿಯ ಮರ್ಯಾದೆಗೆ ಒಳಪಟ್ಟು ಹೋಯಿತು.

ನಮ್ಮಲ್ಲೂ ಇದರ ಎಳೆಗಳಿವೆ. ಕೂಲಿ ಸಿಗದ ಮಳೆಗಾಲವನ್ನು ಲೆಕ್ಕಕ್ಕೆ ಹಿಡಿದು, ಸಿದ್ದಿಯರೂ ಸೇರಿದಂತೆ ಕಾಡಂಚಿನ ಬುಡಕಟ್ಟುಗಳಿಗೆ ಬೇಳೆ, ಬೆಲ್ಲ, ಎಣ್ಣೆ, ಮೊಟ್ಟೆ ಹಂಚುವ ಸರ್ಕಾರದ ಪೌಷ್ಟಿಕ ಆಹಾರದ ಯೋಜನೆಯಲ್ಲಿ ಹಾಡಿಯ ಪಂಚಾಂಗವನ್ನು ಬಲ್ಲ ಕಣ್ಣಿದೆ. 2020ರಲ್ಲಿ ಶಾಂತಾರಾಮ ಸಿದ್ದಿ ವಿಧಾನ ಪರಿಷತ್ತಿಗೆ ನಾಮಕರಣಗೊಂಡಾಗ, ಅಳತೆಗಳು ನಿಗದಿಯಾಗುವ ಕೋಣೆಯೊಂದರಲ್ಲಿ ಆ ಸಮುದಾಯಕ್ಕೆ ಮೊದಲ ಸಲ ಒಂದು ಪೀಠ ಸಿಕ್ಕಿತು. ಒಂದು ಪೀಠದಿಂದ ಎಲ್ಲವೂ ಆಗದು. ಒಂದೂ ಇಲ್ಲದಿದ್ದಾಗ ಆದದ್ದು ಇನ್ನೂ ಕಡಿಮೆ.

ನಮ್ಮ ಬೀದಿಗಳಿಗೇ ಬರೋಣ. ಕಮ್ಮನಹಳ್ಳಿ, ಹೆಣ್ಣೂರು, ಕೆ.ಆರ್. ಪುರದ ಕಡೆ ಆಫ್ರಿಕಾದ ಹಲವು ದೇಶಗಳ ಯುವಜನರಿದ್ದಾರೆ. ಆ ದೇಶಗಳಿಂದ ಹಣ ತೆತ್ತು ಶಸ್ತ್ರಚಿಕಿತ್ಸೆಗೆ ಬರುವವರಿಗೆ ನಗರದ ದೊಡ್ಡ ಆಸ್ಪತ್ರೆಗಳಲ್ಲಿ ಬೇರೆ ಮೇಜು, ಬೇರೆ ನಗು. ಪಕ್ಕದ ಬೀದಿಯಲ್ಲಿ ಬಾಡಿಗೆಗಿರುವ ಹುಡುಗನಿಗೆ ಕ್ಲಿನಿಕ್ಕಿನ ಬೆಂಚಿನ ಮೇಲೆ ಎರಡೂ ಪಕ್ಕ ಖಾಲಿ ಬಿಟ್ಟ ಜಾಗ. ಬಡಾವಣೆಯ ಸಂಘಗಳು ಆರೋಗ್ಯ ಶಿಬಿರ ನಡೆಸುವಾಗ ಅವನನ್ನು ರೋಗಿಯಾಗಿ ಕರೆಯುವುದು ಒಳ್ಳೆಯದು. ಎಲ್ಲಿ, ಯಾವ ಹೊತ್ತಿಗೆ, ಏನನ್ನು ಪರೀಕ್ಷಿಸಬೇಕೆಂದು ತೀರ್ಮಾನಿಸುವ ಸಭೆಗೇ ಕರೆಯುವುದು ಇನ್ನೂ ಒಳ್ಳೆಯದು. ಆಗ ನಮಗೆ ಸ್ವಲ್ಪ ಕಿರಿಕಿರಿಯಾದೀತು; ನಾವು ಆರಿಸಿದ ಭಾನುವಾರದ ಬೆಳಗ್ಗೆ ಅವರಿಗೆ ಚರ್ಚಿನ ಹೊತ್ತಾಗಿರಬಹುದು, ನಮ್ಮ ಮುಖ್ಯ ಅತಿಥಿಯ ಭಾಷಣ ಅವರಿಗೆ ಬೇಡವಾಗಿರಬಹುದು. ಉಪಕಾರ ಮಾಡಿದವರಿಗೆ ಕೈಮುಗಿದವರು ಸಿಗುತ್ತಾರೆ. ಪಾಲುದಾರರಿಗೆ ವಾದಿಸುವವರು ಸಿಗುತ್ತಾರೆ. “ಇದು ನಮಗೆ ಹೊಂದುವುದಿಲ್ಲ” ಎಂದು ಅವರು ಹೇಳಿದ ದಿನ ನಮ್ಮ ಯೋಜನೆ ಬದಲಾಗುತ್ತದೆಯೋ ಅಥವಾ ನಮ್ಮ ಮುಖ ಬಾಡುತ್ತದೆಯೋ ಎಂಬುದರಲ್ಲೇ, ನಾವು ಕೈಜೋಡಿಸಿದ್ದು ಅವರೊಂದಿಗೋ ನಮ್ಮ ಒಳ್ಳೆಯತನದೊಂದಿಗೋ ಎಂಬುದು ಗೊತ್ತಾಗುತ್ತದೆ.