ಬೊಕ್ಕಸದ ಉಪ್ಪು, ರೈತನ ಬೆವರು



ಒಡೆಯನ ಉಪ್ಪುಂಡವನು ಒಡೆಯನ ಆದಾಯ ಕಡಿಮೆಯಾಗುವ ಮಾತನ್ನು ಆಡಬಹುದೇ? ಲೆಕ್ಕಪತ್ರ ಬರೆಯುವ ನಮ್ಮಂಥವರಿಗೆ ಇದು ದಿನನಿತ್ಯದ ಪ್ರಶ್ನೆ. ನಮ್ಮ ಸೀಮೆಯ ಚರಿತ್ರೆಯಲ್ಲೇ ಇದಕ್ಕೊಂದು ನಿದರ್ಶನವಿದೆ.

1800ರಲ್ಲಿ ಹೈದರಾಬಾದಿನ ನಿಜಾಮನು ಬಳ್ಳಾರಿ, ಅನಂತಪುರ, ಕಡಪ ಸೀಮೆಗಳನ್ನು ಕಂಪನಿ ಸರ್ಕಾರಕ್ಕೆ ಬಿಟ್ಟುಕೊಟ್ಟನು. ಹಿಂದೂಪುರ, ಕಲ್ಯಾಣದುರ್ಗಗಳೂ ಆ ದತ್ತಮಂಡಲದೊಳಗಿನವೇ. ಅಲ್ಲಿಗೆ ಮುಖ್ಯ ಕಲೆಕ್ಟರಾಗಿ ಬಂದ ಥಾಮಸ್ ಮನ್ರೋ ಸಾಹೇಬರು ಏಳು ವರ್ಷವಿದ್ದು, ಹೊಲಗಳನ್ನು ಅಳೆಸಿ, ಕಂದಾಯ ಗೊತ್ತುಮಾಡಿದರು.

1807ರಲ್ಲಿ ಹುದ್ದೆ ಬಿಡುವ ಹೊತ್ತಿಗೆ ಅವರೇ ಮದರಾಸಿನ ಕಂದಾಯ ಮಂಡಳಿಗೆ ಬರೆದರು: ಈ ಕಂದಾಯ ಭಾರವಾಗಿದೆ, ಎಲ್ಲ ಭೂಮಿಗೂ ನೂರಕ್ಕೆ 25ರಂತೆ ಇಳಿಸಬೇಕು, ಬಾವಿ ನೀರಿನ ಹೊಲಕ್ಕೆ ಇನ್ನೂ ಹೆಚ್ಚು ಇಳಿಸಬೇಕು ಎಂದು. ಇದು ಬರಿಯ ಕನಿಕರವಲ್ಲ. ಕಂದಾಯ ಹಗುರಾದರೆ ಭೂಮಿಗೆ ಬೆಲೆ ಬರುವುದು, ಸಾಗುವಳಿ ಹೆಚ್ಚುವುದು ಎಂಬ ಲೆಕ್ಕವೂ ಅದರಲ್ಲಿತ್ತು.

ಮೇಲಿನವರು ಆಗ ಒಪ್ಪಲಿಲ್ಲ. ಹಳ್ಳಿಗಳನ್ನು ಮೊದಲು ಮೂರು ವರ್ಷಕ್ಕೆ, ಬಳಿಕ ಹತ್ತು ವರ್ಷಕ್ಕೆ ಗುತ್ತಿಗೆ ಕೊಟ್ಟರು. ಅನೇಕ ಗುತ್ತಿಗೆದಾರರು ಕೈಸೋತರು. 1820ರಲ್ಲಿ ಮನ್ರೋ ಮದರಾಸಿನ ಗವರ್ನರಾಗಿ ಮರಳಿದರು. ಈಗ ಬೊಕ್ಕಸದ ಹೊಣೆ ಅವರದೇ. ಹಳೆಯ ಪತ್ರವನ್ನು ಮರೆಯುವುದು ಸುಲಭವಿತ್ತು. ಮರೆಯಲಿಲ್ಲ, ಅಂದು ಬೇಡಿದ ಇಳಿತವನ್ನು ಜಾರಿಗೆ ತಂದರು. 1827ರಲ್ಲಿ ಇದೇ ಸೀಮೆಯ ಪತ್ತಿಕೊಂಡದಲ್ಲಿ ಕಾಲರಾ ಬೇನೆಯಿಂದ ತೀರಿಕೊಂಡರು.

ಹಾಗೆಂದು ಅವರ ಎಲ್ಲವನ್ನೂ ಕೊಂಡಾಡಬೇಕಿಲ್ಲ. ಭಾರ ಹೊರಿಸಿದವರೂ ಅವರೇ. ಪತ್ರಕ್ಕೂ ಇಳಿತಕ್ಕೂ ನಡುವಿನ ವರ್ಷಗಳನ್ನು ಹೊತ್ತವನು ರೈತ. ಆದುದರಿಂದ ಬರೆದಮಾತ್ರಕ್ಕೆ ಹೊಣೆ ತೀರದು. ಅಧಿಕಾರ ಕೈಗೆ ಬಂದಾಗ ಬರೆದಂತೆ ನಡೆದರೆ ತೀರುವುದು.

ನಮ್ಮದೊಂದು ತಪ್ಪನ್ನೂ ಹೇಳಿಬಿಡುತ್ತೇವೆ. ಮಳೆ ಕೈಕೊಟ್ಟು ಶೇಂಗಾ ಒಣಗಿದ ಒಂದು ವರ್ಷ, ಜಾತ್ರೆಯ ವಂತಿಗೆಗೆ ಹಿಂದಿನ ವರ್ಷದ ಪಟ್ಟಿಯನ್ನೇ ನಕಲು ಮಾಡಿದೆವು. ಭಕ್ತರು ಮರುಮಾತಾಡದೆ ಕೊಟ್ಟರು. ಕೆಲವರು ಸಾಲ ಮಾಡಿ ಕೊಟ್ಟರೆಂದು ಆಮೇಲೆ ತಿಳಿಯಿತು. ಜಮಾ ಖರ್ಚು ಸರಿಹೊಂದಿತ್ತು, ನ್ಯಾಯ ಹೊಂದಿರಲಿಲ್ಲ. ಪಟ್ಟಿ ಇಳಿಸೋಣವೆಂದು ಹಿರಿಯರ ಮುಂದೆ ಒಂದು ಮಾತು ಆಡಬಹುದಿತ್ತು. ಆಡಲಿಲ್ಲ.

ಬಿಜ್ಜಳನ ಭಂಡಾರಿಯಾಗಿದ್ದ ಬಸವಣ್ಣನವರ ಹೆಸರು ಹೇಳುವವರು ನಾವು. ಸೊಸೈಟಿಯಲ್ಲಾಗಲಿ, ಮಂಡಿಯಲ್ಲಾಗಲಿ, ಮಠದಲ್ಲಾಗಲಿ ಪೆಟ್ಟಿಗೆಯ ಬೀಗದ ಕೈ ಹಿಡಿದವನು ಪೆಟ್ಟಿಗೆಯನ್ನಷ್ಟೇ ಕಾದರೆ ಸಾಲದು. ಅದನ್ನು ತುಂಬಿದವನನ್ನೂ ಕಾಯಬೇಕು. ಒಡೆಯನ ಉಪ್ಪಿನ ಋಣ ತೀರುವುದೂ ಹಾಗೆಯೇ.